ಗುಲಾಬಿ ಬ್ಯಾಟ್‌ಮ್ಯಾನ್, ಮುಖಪುಟದ ಗೊರಿಲ್ಲಾ ಮತ್ತು ಹೆಸರಿಲ್ಲದ ಬರಹಗಾರರು

ಬ್ಯಾಟ್‌ಮ್ಯಾನ್ ಅಂದ್ರೆ ನಿಮ್ಮ ಕಣ್ಣ ಮುಂದೆ ಬರೋದು ಏನು? ಕತ್ತಲು, ಮಳೆ, ಕರಿ ಬಟ್ಟೆ, ಗಂಟಲು ಕಟ್ಟಿದವನ ಹಾಗೆ ಮಾತಾಡೋ ಒಬ್ಬ ಸಿಡುಕ. ಅಲ್ವಾ? ಈಗ ಇದನ್ನ ಕೇಳಿ. 1957ರ ಮಾರ್ಚ್ ತಿಂಗಳ ಡಿಟೆಕ್ಟಿವ್ ಕಾಮಿಕ್ಸ್, 241ನೇ ಸಂಚಿಕೆ. ಇದೇ ಮಹಾನುಭಾವ ಅಪ್ಪಟ ಗುಲಾಬಿ ಬಣ್ಣದ ಬಟ್ಟೆ ತೊಟ್ಟು ಕಳ್ಳರನ್ನ ಹಿಡಿಯೋಕೆ ಹೊರಡ್ತಾನೆ. ಒಂದಿನದ ಹುಚ್ಚಲ್ಲ, ದಿನಕ್ಕೊಂದು ಬಣ್ಣ. ಕೊನೆಗೆ ಕಾಮನಬಿಲ್ಲನ್ನೇ ಹೊಲಿಸಿಕೊಂಡ ಹಾಗೆ ಏಳೂ ಬಣ್ಣದ ಪಟ್ಟೆ ಪಟ್ಟೆ.

ಕಾರಣ ಏನಪ್ಪಾ ಅಂದ್ರೆ, ರಾಬಿನ್ ಆಗಿ ತಿರುಗೋ ಹುಡುಗ ಡಿಕ್ ಗ್ರೇಸನ್, ಮುಖವಾಡ ಇಲ್ಲದಿದ್ದಾಗ ನಾಲ್ಕು ಜನರ ಎದುರಿಗೆ ಒಂದು ಮಗುವನ್ನ ಕಾಪಾಡೋಕೆ ಹೋಗಿ ತೋಳಿಗೆ ಪೆಟ್ಟು ಮಾಡಿಕೊಂಡಿರ್ತಾನೆ. ಅದೇ ಹೊತ್ತಿಗೆ ರಾಬಿನ್ನೂ ಅದೇ ತೋಳು ಹಿಡಿದುಕೊಂಡು ಓಡಾಡಿದ್ರೆ ಜನಕ್ಕೆ ಗುಟ್ಟು ಗೊತ್ತಾಗಿಬಿಡಲ್ವಾ? ಅದಕ್ಕೇ ಎಲ್ಲರ ಕಣ್ಣೂ ಬ್ಯಾಟ್‌ಮ್ಯಾನ್ ಬಟ್ಟೆ ಮೇಲೆ ಇರಲಿ, ಹುಡುಗನ ತೋಳಿನ ಕಡೆ ಯಾರೂ ನೋಡದೇ ಇರಲಿ ಅಂತ ಈ ಉಪಾಯ. ರಾಬಿನ್‌ಗೆ ಜ್ವರ ಅಂತ ಒಂದು ವಾರ ಮನೆಯಲ್ಲಿ ಕೂರಿಸಿದ್ರೆ ಕಥೆ ಎರಡು ಪುಟಕ್ಕೆ ಮುಗೀತಿತ್ತು. ಆದ್ರೆ ಜಗತ್ತಿನ ಅತಿ ಬುದ್ಧಿವಂತ ಪತ್ತೇದಾರನಿಗೆ ದರ್ಜಿ ಅಂಗಡಿಯೇ ಹೊಳೆದದ್ದು :-)

ಇಂಥವನ್ನ ಗುಡ್ಡೆ ಹಾಕಿ "ಅತಿ ಪೆದ್ದ ಕಾಮಿಕ್ಸ್ ಕ್ಷಣಗಳು" ಅಂತ ಪಟ್ಟಿ ಮಾಡಿ ನಗೋದು ಇಂಟರ್‌ನೆಟ್ಟಿನ ಹಳೇ ಚಾಳಿ. ನಾನೂ ನಗ್ತೀನಿ, ಸಿಕ್ಕಾಪಟ್ಟೆ ನಗ್ತೀನಿ. ನನ್ನ ತಕರಾರು ಇರೋದು "ಬರೆದವನಿಗೆ ತಲೆ ಕೆಟ್ಟಿತ್ತು" ಅನ್ನೋ ಮಾತಿನ ಬಗ್ಗೆ. ತಲೆ ಕೆಟ್ಟವರು ಹೀಗೆ ಬರೆಯೋಕಾಗಲ್ಲ ಸ್ವಾಮಿ. ಇದು ಕೆಲಸ ಗೊತ್ತಿದ್ದವರು, ಯಾರೋ ಕೊಟ್ಟ ವಿಚಿತ್ರ ಷರತ್ತಿಗೆ ತಕ್ಕಂತೆ, ಹೇಳಿದ ತಾರೀಕಿಗೆ ಮುಗಿಸಿಕೊಟ್ಟ ಮಾಲು. ಸಾಫ್ಟ್‌ವೇರ್‌ನಲ್ಲಿ ಇರೋರಿಗೆ ಇದು ಬೇಗ ಅರ್ಥ ಆಗುತ್ತೆ ಅಂದ್ಕೊಂಡಿದೀನಿ.

ಷರತ್ತು ಏನು ಅಂತೀರಾ? ಆಗ ಡಿಸಿ ಕಾಮಿಕ್ಸ್‌ನಲ್ಲಿ ಎಷ್ಟೋ ಸಲ ಮೊದಲು ಮುಖಪುಟ ಗೊತ್ತಾಗ್ತಿತ್ತು, ಕಥೆ ಆಮೇಲೆ. ಜೂಲಿಯಸ್ ಶ್ವಾರ್ಟ್ಸ್, ಮಾರ್ಟ್ ವೈಸಿಂಗರ್ ಥರದ ಸಂಪಾದಕರು ಅಂಗಡಿ ಮುಂದೆ ನಿಂತ ಹುಡುಗ ಕೈ ಹಾಕಲೇಬೇಕು ಅನ್ನಿಸೋ ಒಂದು ಚಿತ್ರ ತಯಾರು ಮಾಡಿಸೋರು. ಆಮೇಲೆ ಬರಹಗಾರನನ್ನ ಕರೆದು "ಇದು ಹೇಗಾಯ್ತು ಅಂತ ಕಥೆ ಹೆಣಿ" ಅನ್ನೋರು. ಡೆಮೋ ಮೊದಲು ತೋರಿಸಿ, ಗಿರಾಕಿ ತಲೆಯಾಡಿಸಿದ ಮೇಲೆ ಕೋಡ್ ಬರೆಯೋಕೆ ಕೂತಂಗೆ. ವೈಸಿಂಗರ್ ಅಂತೂ ಅಕ್ಕಪಕ್ಕದ ಮಕ್ಕಳನ್ನೇ ಕೇಳ್ತಿದ್ದನಂತೆ, ಸೂಪರ್‌ಮ್ಯಾನ್ ಏನು ಮಾಡೋದು ನೋಡಬೇಕು ನಿಮಗೆ ಅಂತ.

ಗೊರಿಲ್ಲಾಗಳ ಕಾಟ ಶುರುವಾಗಿದ್ದೂ ಹೀಗೇ. 1951ರಲ್ಲಿ ಸ್ಟ್ರೇಂಜ್ ಅಡ್ವೆಂಚರ್ಸ್ 8ನೇ ಸಂಚಿಕೆಯ ಮುಖಪುಟದಲ್ಲಿ ಬೋನಿನೊಳಗೆ ಒಂದು ಗೊರಿಲ್ಲಾ, ತಾನು ಭಯಂಕರ ವೈಜ್ಞಾನಿಕ ಪ್ರಯೋಗವೊಂದಕ್ಕೆ ಬಲಿಯಾದವನು, ದಯವಿಟ್ಟು ನಂಬಿ ಅಂತ ಬರೆದು ತೋರಿಸ್ತಿತ್ತು. ಸಂಚಿಕೆ ಭರ್ಜರಿ ಖರ್ಚಾಯ್ತು. ತಗೊಳ್ಳಿ, ಎಲ್ಲ ಸಂಪಾದಕರಿಗೂ ಗೊರಿಲ್ಲಾ ಬೇಕು! ಶ್ವಾರ್ಟ್ಸ್ ಹೇಳಿಕೊಂಡ ಪ್ರಕಾರ ಕೊನೆಗೆ ತಿಂಗಳಿಗೆ ಒಂದಕ್ಕಿಂತ ಹೆಚ್ಚು ಗೊರಿಲ್ಲಾ ಮುಖಪುಟ ಬರಕೂಡದು ಅಂತ ಕಂಪನಿಯೇ ಕಟ್ಟಪ್ಪಣೆ ಮಾಡಬೇಕಾಯ್ತು. ಫ್ಲ್ಯಾಶ್‌ಗೆ ಖಾಯಂ ಶತ್ರು ಆಗಿ ಸಿಕ್ಕಿದ ಗ್ರಾಡ್ ಕೂಡ ಗೊರಿಲ್ಲಾನೇ. ಅವನು 1960ರಲ್ಲಿ ಫ್ಲ್ಯಾಶ್‌ನ ಸಾವಿರ ಪೌಂಡ್ ತೂಕ ಬರೋ ಹಾಗೆ ಉಬ್ಬಿಸಿಬಿಡ್ತಾನೆ. ನಾಲ್ಕೂವರೆ ಕ್ವಿಂಟಾಲ್ ಹತ್ತಿರ! ಜಗತ್ತಿನಲ್ಲೇ ಅತಿ ವೇಗವಾಗಿ ಓಡೋನು ಕುರ್ಚಿಯಿಂದ ಏಳೋಕಾಗದೆ ಕೂತಿರೋ ಚಿತ್ರ ಯಾರ ಕೈಲಿ ಬೇಕಾದ್ರೂ ಮಾರಾಟ ಆಗುತ್ತೆ. ಸೂಪರ್‌ಮ್ಯಾನ್ ಗೆಳೆಯ ಜಿಮ್ಮಿ ಓಲ್ಸನ್ 1961ರಲ್ಲಿ ದೈತ್ಯ ಆಮೆ ಆದ, 1966ರಲ್ಲಿ ಗೊರಿಲ್ಲಾನ ಮದುವೆಯಾಗೋ ಪರಿಸ್ಥಿತಿಗೂ ಬಂದ. ಪಾಪ, ಅವನ ಕೆಲಸ ಪತ್ರಿಕೆಯಲ್ಲಿ ವರದಿ ಬರೆಯೋದು.

ಇನ್ನೊಂದು ಷರತ್ತು ಹೊರಗಿನಿಂದ ಬಂತು. ಅದರ ಕಥೆ ಸ್ವಲ್ಪ ವಿವರವಾಗಿ ಹೇಳಲೇಬೇಕು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಅನ್ನೋ ಮನೋವೈದ್ಯ, ಕಾಮಿಕ್ಸ್ ಓದಿ ಮಕ್ಕಳು ಹಾಳಾಗ್ತಿದ್ದಾರೆ ಅಂತ ಒಂದು ಪುಸ್ತಕ ಬರೆದ. ಬ್ಯಾಟ್‌ಮ್ಯಾನ್ ಮತ್ತು ರಾಬಿನ್ ಒಂದೇ ಮನೆಯಲ್ಲಿ ಇರೋದರ ಬಗ್ಗೆಯೂ ಅವನಿಗೆ ಅನುಮಾನ. ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ನಡೆಸ್ತು. ಸರ್ಕಾರ ಕತ್ತರಿ ಹಿಡಿಯೋಕೆ ಮುಂಚೆ ನಾವೇ ಹಿಡಿಯೋಣ ಅಂತ ಪ್ರಕಾಶಕರು ಸೇರಿ ಅದೇ ವರ್ಷ ಕಾಮಿಕ್ಸ್ ಕೋಡ್ ಅಂತ ಮಾಡ್ಕೊಂಡ್ರು. ಒಳ್ಳೇದೇ ಗೆಲ್ಲಬೇಕು, ಪೊಲೀಸರು ನ್ಯಾಯಾಧೀಶರ ಬಗ್ಗೆ ಅಗೌರವ ಬರೋ ಹಾಗೆ ತೋರಿಸಬಾರದು, ರಕ್ತ ಹೀರೋ ಪಿಶಾಚಿ ಬೇಡ, ತೋಳಮನುಷ್ಯ ಬೇಡ. ಒಂದು ನಿಯಮ ನನಗೆ ಬಹಳ ಇಷ್ಟ: ಪುಸ್ತಕದ ಹೆಸರಲ್ಲಿ "ಕ್ರೈಮ್" ಅನ್ನೋ ಪದ ಇದ್ರೆ ಅದರ ಅಕ್ಷರಗಳು ಬೇರೆ ಪದಗಳಿಗಿಂತ ಎದ್ದು ಕಾಣೋ ಹಾಗೆ ದೊಡ್ಡದಾಗಿರಕೂಡದು! ಫಾಂಟ್ ಸೈಜಿಂದ ಮಕ್ಕಳ ಚಾರಿತ್ರ್ಯ ಕಾಪಾಡೋ ಯೋಜನೆ. ಪಾತ್ರಗಳೆಲ್ಲ ಸಮಾಜ ಒಪ್ಪೋ ಥರ ಬಟ್ಟೆ ಹಾಕಿರಬೇಕು ಅಂತಲೂ ಇತ್ತು. ಪ್ಯಾಂಟಿನ ಮೇಲೆ ಕೆಂಪು ಚಡ್ಡಿ ಹಾಕೋ ಸೂಪರ್‌ಮ್ಯಾನ್ ಈ ಪರೀಕ್ಷೆ ಹೇಗೆ ಪಾಸಾದ ಅನ್ನೋದು ದೇವರಿಗೇ ಗೊತ್ತು.

(ವರ್ಥಮ್‌ನ ಬರೀ ಖಳನಾಯಕ ಅನ್ನೋಕೂ ಆಗಲ್ಲ. ಹಾರ್ಲೆಮ್‌ನ ಬಡ ಕಪ್ಪು ಜನರಿಗಾಗಿ ಮಾನಸಿಕ ಚಿಕಿತ್ಸಾಲಯ ನಡೆಸಿದ ಮನುಷ್ಯ ಅವನು. ಆದ್ರೆ ಆ ಪುಸ್ತಕಕ್ಕಾಗಿ ಮಕ್ಕಳ ಮಾತನ್ನ ತನಗೆ ಬೇಕಾದ ಹಾಗೆ ತಿರುಚಿದ್ದ ಅಂತ ಕ್ಯಾರಲ್ ಟಿಲ್ಲಿ ಅನ್ನೋ ಸಂಶೋಧಕಿ ಅವನದೇ ಕಾಗದಪತ್ರ ನೋಡಿ 2012ರಲ್ಲಿ ತೋರಿಸಿದ್ರು.)

ಈಗ ನೀವೇ ಬರಹಗಾರ ಅಂದ್ಕೊಳ್ಳಿ. ಕೊಲೆ ಬೇಡ, ದೆವ್ವ ಬೇಡ, ಲಂಚಕೋರ ಪೊಲೀಸ್ ಬೇಡ. ಏನು ಉಳೀತು? ಗೊರಿಲ್ಲಾ, ಬಣ್ಣದ ಬಟ್ಟೆ, ನಾಯಿ. 1955ರಲ್ಲಿ ಸೂಪರ್‌ಮ್ಯಾನ್‌ಗೂ ಒಂದು ನಾಯಿ ಬಂತು, ಬ್ಯಾಟ್‌ಮ್ಯಾನ್‌ಗೂ ಬಂತು. ಬ್ಯಾಟ್‌ಮ್ಯಾನ್ ನಾಯಿಗೆ ಮುಖವಾಡ ಬೇರೆ! ನಾಯಿ ಯಾರದ್ದು ಅಂತ ಗೊತ್ತಾಗಬಾರದಲ್ಲ. 1956ರಲ್ಲಿ ಬ್ಯಾಟ್‌ವುಮನ್ ಬಂದ್ಲು. ಅವಳ ಚೀಲದಲ್ಲಿ ಇದ್ದ ಆಯುಧಗಳು ಲಿಪ್‌ಸ್ಟಿಕ್, ಪೌಡರ್ ಡಬ್ಬಿ, ಕೂದಲಿನ ಬಲೆ, ಬಳೆ. ವರ್ಥಮ್ ಅನುಮಾನಕ್ಕೆ ಕಂಪನಿ ಕೊಟ್ಟ ಉತ್ತರವೇ ಈಕೆ ಅಂತ ಬಹಳ ಜನ ಹೇಳ್ತಾರೆ. ನನಗೂ ಹಾಗೇ ಅನ್ನಿಸುತ್ತೆ.

ಹೀಗೆ ಯಾರದೋ ಮುಲಾಜಿಗೆ ಕಥೆ ಬಾಗೋದು ನಮ್ಮಲ್ಲೂ ಇತ್ತು ಬಿಡಿ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್ ಓದಿದವರಿಗೆ ಅವನ ಕಾಡಿರೋ ದೇಶ ಡೆಂಕಾಲಿ. ಮೂಲದಲ್ಲಿ ಅದು ಬೆಂಗಾಲಿ! ಸಿಂಗ್ ಅನ್ನೋ ಕಡಲ್ಗಳ್ಳರು ಇಲ್ಲಿಗೆ ಬರೋ ಹೊತ್ತಿಗೆ ಸಿಂಗಾ ಆಗಿದ್ರು. ಒಂದೊಂದು ಅಕ್ಷರದಲ್ಲಿ ಎಷ್ಟು ಜಗಳ ತಪ್ಪಿತೋ.

ಈ ಎಲ್ಲ ಷರತ್ತಿನ ನಡುವೆ ಸೂಪರ್‌ಮ್ಯಾನ್ ಬರೆಯೋದು ಇನ್ನೂ ಕಷ್ಟ. 1938ರಲ್ಲಿ ಬಂದಾಗ ಅವನಿಗೆ ಹಾರೋಕೂ ಬರ್ತಿರಲಿಲ್ಲ, ಫರ್ಲಾಂಗ್ ದೂರ ನೆಗೀತಿದ್ದ ಅಷ್ಟೇ. ವರ್ಷ ಕಳೆದ ಹಾಗೆ ಒಬ್ಬೊಬ್ಬರೂ ಒಂದೊಂದು ಶಕ್ತಿ ಸೇರಿಸಿ ಸೇರಿಸಿ, 1961ರ ಒಂದು ಕಥೆಯಲ್ಲಿ ಅವನು ಸೀನಿದ್ರೆ ಒಂದು ಸೌರಮಂಡಲವೇ ಹಾರಿಹೋಗುತ್ತೆ. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಇಂಥವನಿಗೆ ಎಂಥ ಕಷ್ಟ ತರ್ತೀರಿ? ಅದಕ್ಕೇ ಕೆಂಪು ಕ್ರಿಪ್ಟೊನೈಟ್. ಪ್ರತಿ ಸಲ ತಗುಲಿದಾಗಲೂ ಹೊಸ ಪರಿಣಾಮ, ಒಂದೆರಡು ದಿನದಲ್ಲಿ ತಾನೇ ವಾಸಿ. 1963ರಲ್ಲಿ ಅವನಿಗೆ ಇರುವೆ ತಲೆ ಬಂತು. ನಮ್ಮ ಪುರಾಣದ ಶಾಪಕ್ಕಾದ್ರೂ ವಿಮೋಚನೆಗೆ ಯಾರಾದ್ರೂ ಬಂದು ಮುಟ್ಟಬೇಕು, ಇಲ್ಲಿ ಸುಮ್ಮನೆ ನಾಡಿದ್ದಿನ ತನಕ ಕಾದ್ರೆ ಸಾಕು.

ಹಸಿರು ಲಾಂಟರ್ನ್ ಬರೆದವರು ಉಲ್ಟಾ ದಾರಿ ಹಿಡಿದ್ರು. 1959ರ ಹೊಸ ಗ್ರೀನ್ ಲ್ಯಾಂಟರ್ನ್ ಉಂಗುರಕ್ಕೆ ಎಲ್ಲ ಆಗುತ್ತೆ, ಹಳದಿ ಬಣ್ಣದ್ದು ಮಾತ್ರ ಆಗಲ್ಲ. ಅರಿಶಿನ ಹಚ್ಚಿಸಿಕೊಂಡು ಕೂತ ಮದುಮಗನ ಮುಂದೆ ಅವನ ಆಟ ಬಂದ್! ಅದಕ್ಕಿಂತ ಹಿಂದಿನ, 1940ರವನಿಗೆ ಮರ ಆಗಿಬರ್ತಿರಲಿಲ್ಲ. ಅವನನ್ನ ಸೋಲಿಸೋಕೆ ಒಂದು ದೊಣ್ಣೆ ಸಾಕು.

ನನ್ನ ಪ್ರಕಾರ ಎಲ್ಲಕ್ಕಿಂತ ಚಂದದ್ದು ಕನ್ನಡಕದ ಸಮಸ್ಯೆ. ಕೆನ್ನೆಗೊಂದು ಮಚ್ಚೆ ಅಂಟಿಸಿದ ಕೂಡಲೇ ಹೀರೋನ ಹೆತ್ತ ತಾಯಿಯೂ ಗುರುತು ಹಿಡಿಯದ ಸಿನಿಮಾ ನೋಡಿದ ನಮಗೆ ಇದು ಸಮಸ್ಯೆ ಅನ್ನಿಸಲ್ಲ. ಆದ್ರೆ ನಲವತ್ತು ವರ್ಷ ಓದುಗರು ಅದನ್ನೇ ಕೆದಕ್ತಿದ್ರು. 1978ರಲ್ಲಿ, ಸೂಪರ್‌ಮ್ಯಾನ್ 330ನೇ ಸಂಚಿಕೆಯಲ್ಲಿ ಪ್ಯಾಚ್ ಬಂತು: ಅವನು ತನಗೇ ಗೊತ್ತಿಲ್ಲದೆ ಎಲ್ಲರನ್ನೂ ಸದಾ ಸಮ್ಮೋಹನ ಮಾಡ್ತಿರ್ತಾನೆ, ಕನ್ನಡಕದ ಗಾಜು ಕ್ರಿಪ್ಟಾನ್‌ನಿಂದ ಬಂದ ನೌಕೆಯದ್ದು, ಅದು ಆ ಶಕ್ತಿನ ಹೆಚ್ಚಿಸುತ್ತೆ, ಹಾಗಾಗಿ ಕ್ಲಾರ್ಕ್ ಕೆಂಟ್ ಜನರ ಕಣ್ಣಿಗೆ ಬಡಕಲಾಗಿ ಕಾಣ್ತಾನೆ! ಆಗ ಕ್ಲಾರ್ಕ್ ಟೀವಿಯಲ್ಲಿ ವಾರ್ತೆ ಓದೋನು ಅನ್ನೋದು ನೆನಪಿರಲಿ. ಅಂದ್ರೆ ದಿನಾ ಸಂಜೆ ಇಡೀ ಊರಿಗೆ ಆಂಟೆನಾ ಮೂಲಕ ಸಮ್ಮೋಹನ. ಒಂದು ಬಗ್ ಮುಚ್ಚೋಕೆ ಹೋಗಿ ಹತ್ತು ತೆರೆದವರನ್ನ ನಾನು ಆಫೀಸಿನಲ್ಲಿ ದಿನಾ ನೋಡ್ತೀನಿ, ಆದ್ರೆ ಇಷ್ಟು ಧೈರ್ಯ ಯಾರಿಗೂ ಇಲ್ಲ.

ಎಲ್ಲವೂ ನಗೋ ಥರದ್ದಲ್ಲ ಅನ್ನೋದನ್ನೂ ಹೇಳಬೇಕು. ಲೋಯಿಸ್ ಲೇನ್ ಹೆಸರಲ್ಲೇ ಬರ್ತಿದ್ದ ಪುಸ್ತಕದಲ್ಲಿ, ಆಕೆ ಕುತೂಹಲ ಪಟ್ಟಳು ಅನ್ನೋ ಒಂದೇ ತಪ್ಪಿಗೆ ಸೂಪರ್‌ಮ್ಯಾನ್ ಅವಳಿಗೆ ಸುಳ್ಳು ಹೇಳಿ, ಆಟ ಆಡಿಸಿ "ಪಾಠ ಕಲಿಸೋ" ಕಥೆಗಳು ತುಂಬ ಇವೆ. ಎರಡು ಓದಿದ್ರೆ ನಗು ಬರುತ್ತೆ, ಹತ್ತು ಓದಿದ್ರೆ ಅವನ ಮೇಲೆ ಸಿಟ್ಟು ಬರುತ್ತೆ. 1970ರ 106ನೇ ಸಂಚಿಕೆಯಲ್ಲಿ ಅವಳು ಯಂತ್ರದೊಳಗೆ ಹೋಗಿ ಒಂದು ದಿನದ ಮಟ್ಟಿಗೆ ಕಪ್ಪು ಹೆಂಗಸಾಗ್ತಾಳೆ, ಕಪ್ಪು ಜನರ ಬದುಕು ತಿಳಿಯೋಕೆ ಅಂತ. ಉದ್ದೇಶ ಒಳ್ಳೇದೇ. ಆದ್ರೆ ಇರುವೆ ತಲೆಗೆ ಬಳಸಿದ ಅದೇ ಉಪಾಯವನ್ನ ಇಲ್ಲಿಗೂ ತಂದಿದ್ದಾರೆ, ಬೇರೆ ಉಪಕರಣವೇ ಗೊತ್ತಿಲ್ಲದವರ ಹಾಗೆ. ಓದುವಾಗ ಮುಜುಗರ ಆಗುತ್ತೆ.

ಇನ್ನು ನಾನು ಯಾಕೆ ಈ ಬರಹಗಾರರ ಪರ ವಾದ ಮಾಡ್ತಿದೀನಿ ಅಂದ್ರೆ, ಜೆರ್ರಿ ಸೀಗೆಲ್. ಸೂಪರ್‌ಮ್ಯಾನ್‌ನ ಹುಟ್ಟಿಸಿದ ಇಬ್ಬರಲ್ಲಿ ಒಬ್ಬ. ಅವನೂ ಚಿತ್ರಕಾರ ಜೋ ಶಸ್ಟರೂ 1938ರಲ್ಲಿ ಹಕ್ಕು ಬರೆದುಕೊಟ್ಟಿದ್ದು 130 ಡಾಲರ್‌ಗೆ. 1947ರಲ್ಲಿ ಕೋರ್ಟಿಗೆ ಹೋದ್ರು. ಸೂಪರ್‌ಮ್ಯಾನ್ ಕೈಗೆ ಬರಲಿಲ್ಲ, ಪುಸ್ತಕದ ಮೇಲಿದ್ದ ಹೆಸರೂ ಹೋಯ್ತು. 1959ರಲ್ಲಿ ಕೆಲಸ ಬೇಕಾಗಿ ಸೀಗೆಲ್ ಅದೇ ಕಂಪನಿಗೆ ವಾಪಸ್ ಬಂದ. ವೈಸಿಂಗರ್ ಕೈಕೆಳಗೆ, ತಾನೇ ಹುಟ್ಟಿಸಿದ ಪಾತ್ರಕ್ಕೆ ಕೂಲಿ ಬರಹಗಾರನಾಗಿ, ಹೆಸರಿಲ್ಲದೆ. ವೈಸಿಂಗರ್ ಬಾಯಿ ಎಂಥದ್ದು ಅಂತ ಅವನ ಹತ್ತಿರ ದುಡಿದವರೇ ಹೇಳಿದ್ದಾರೆ. 1966ರಲ್ಲಿ ಹದಿನಾಲ್ಕನೇ ವಯಸ್ಸಿಗೇ ಅಲ್ಲಿ ಬರೆಯೋಕೆ ಶುರು ಮಾಡಿದ ಜಿಮ್ ಶೂಟರ್‌ನೂ ಅವನು ಬಿಡಲಿಲ್ಲ.

ಪೆದ್ದ ಕಥೆಗಳ ಪಟ್ಟಿಯಲ್ಲಿ ತಪ್ಪದೇ ಬರೋ ಒಂದು ಕಥೆ ಇದೆ, ಲೂಥರ್ ಕೂದಲಿನದ್ದು. 1960ರದ್ದು. ಬರೆದವನು ಸೀಗೆಲ್. ಹುಡುಗ ಲೂಥರ್ ಸೂಪರ್‌ಬಾಯ್‌ಗೆ ಗೆಳೆಯ. ಪ್ರಯೋಗಾಲಯದಲ್ಲಿ ಕೃತಕ ಜೀವ ಒಂದನ್ನ ಸೃಷ್ಟಿ ಮಾಡಿರ್ತಾನೆ. ಬೆಂಕಿ ಹತ್ತುತ್ತೆ, ಸೂಪರ್‌ಬಾಯ್ ಬಂದು ಉಫ್ ಅಂತ ಊದಿ ಆರಿಸ್ತಾನೆ, ಆ ಗಲಾಟೆಯಲ್ಲಿ ರಾಸಾಯನಿಕ ತಗುಲಿ ಲೂಥರ್ ತಲೆ ಬೋಳಾಗುತ್ತೆ. ಅಷ್ಟಕ್ಕೇ ಜೀವಮಾನದ ದ್ವೇಷ! ಹಾಹಾ ಅಂತ ನಗೋಕೆ ಮೊದಲು ಕಥೆ ಪೂರ್ತಿ ಓದಿ. ಅವನ ಕೂಗಾಟ ಕೂದಲಿಗಿಂತ ಹೆಚ್ಚು ಆ ಸೃಷ್ಟಿಯ ಬಗ್ಗೆ. ನಾನು ಮಾಡಿದ್ದನ್ನ ಹೊಟ್ಟೆಕಿಚ್ಚಿಗೆ ನಾಶ ಮಾಡಿದೆ ಅನ್ನೋದು ಅವನ ಆರೋಪ. ಇದನ್ನ ಬರೆಯುವಾಗ ಸೀಗೆಲ್ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಾಗೋಕೆ ಸಾಧ್ಯ ಇಲ್ಲ. ಓದುವಾಗ ನನ್ನ ಮನಸ್ಸಿಗೆ ಬಂದಿದ್ದು 130 ಡಾಲರ್.

ಮರುವರ್ಷ ಅವನೇ ಸೂಪರ್‌ಮ್ಯಾನ್‌ನ ಕೊಂದ. ಲೂಥರ್ ಕೈಲೇ ಕೊಲ್ಲಿಸಿದ. ಅದು ಕಾಲ್ಪನಿಕ ಕಥೆ ಅಂತ ಕಂಪನಿ ಚೀಟಿ ಅಂಟಿಸಿ ಮಾರ್ತು, ಉಳಿದವೆಲ್ಲ ಸತ್ಯಕಥೆ ಅನ್ನೋ ಹಾಗೆ :-) ಕಥೆಯಲ್ಲಿ ಪವಾಡ ಆಗಲ್ಲ, ಸತ್ತವನು ಎದ್ದು ಬರಲ್ಲ. ಕೋಡ್ ಇದ್ದ ಕಾಲದ ಕಾಮಿಕ್ಸ್‌ನಲ್ಲಿ ಅಷ್ಟು ಗಟ್ಟಿಯಾದದ್ದು ನಾನು ಇನ್ನೊಂದು ಓದಿಲ್ಲ. ಈಗಿನವರು ಮಳೆ ಸುರಿಸಿ, ರಕ್ತ ಹರಿಸಿ ನೂರಾರು ಪುಟದಲ್ಲಿ ಮಾಡೋದನ್ನ ಆತ ಗೊರಿಲ್ಲಾಗಳ ಪಕ್ಕದಲ್ಲಿ ಕೂತು ಮಾಡಿದ.

1975ರಲ್ಲಿ, ಸೂಪರ್‌ಮ್ಯಾನ್ ಸಿನಿಮಾ ಬರುತ್ತೆ ಅನ್ನೋ ಸುದ್ದಿ ಆದಾಗ, ಸೀಗೆಲ್ ಪತ್ರಿಕೆಗಳಿಗೆ ಬರೆದುಕೊಂಡ, ಗಲಾಟೆ ಆಯ್ತು. ಕಂಪನಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಕೊಡೋಕೆ, ಹೆಸರು ಹಾಕೋಕೆ ಒಪ್ಪಿಕೊಳ್ತು. ಬ್ಯಾಟ್‌ಮ್ಯಾನ್‌ನ ರೂಪಿಸಿದ ಬಿಲ್ ಫಿಂಗರ್ 1974ರಲ್ಲೇ ತೀರಿಕೊಂಡಿದ್ದ, ಅವನಿಗೆ ಆ ಮನ್ನಣೆ ಸಿಕ್ಕಿದ್ದು 2015ರಲ್ಲಿ. ಇನ್ನು ಆ ಗುಲಾಬಿ ಬಟ್ಟೆ ಕಥೆ ಬರೆದವನು ಎಡ್ಮಂಡ್ ಹ್ಯಾಮಿಲ್ಟನ್, ಚಿತ್ರ ಬರೆದವನು ಶೆಲ್ಡನ್ ಮೊಲ್ಡಾಫ್. ಆ ಸಂಚಿಕೆಯಲ್ಲಿ ಹುಡುಕಿದ್ರೆ ಇಬ್ಬರ ಹೆಸರೂ ಸಿಗಲ್ಲ, ಬಾಬ್ ಕೇನ್ ಹೆಸರು ಮಾತ್ರ ಸಿಗುತ್ತೆ.