ಮನೆಯಲ್ಲಿ ಕೂತು ಮಾಡುವ ಕೆಲಸ, ಗಿರಾಕಿ ಬರುವ ದಾರಿ

ಹೋದ ಸಂಚಿಕೆ ಕೈಸೇರಿದ ಮೇಲೆ ಮೂವರು ಸೋದರಿಯರು ನನಗೆ ಬರೆದಿದ್ದಾರೆ. ಮೂವರದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಮನೆಯಲ್ಲಿದ್ದುಕೊಂಡೇ ಕಂಪ್ಯೂಟರಿನ ಮೂಲಕ ನಾಲ್ಕು ಜನಕ್ಕೆ ಕೆಲಸ ಮಾಡಿಕೊಡಬೇಕೆಂದಿದ್ದೇವೆ. ಕೆಲಸ ಗೊತ್ತಿದೆ, ಗಿರಾಕಿಗಳಿಲ್ಲ. ಜಾಹೀರಾತಿಗೆ ಸುರಿಯಲು ಹಣವೂ ಇಲ್ಲ. ಏನು ಮಾಡೋಣ?" ಈ ವಿಷಯದಲ್ಲಿ ನಾನು ಪಂಡಿತಳೇನೂ ಅಲ್ಲ. ಆದರೆ ಇಲ್ಲಿ ವೈಟ್ಟಿಲದಲ್ಲಿ ನಮ್ಮ ಎದುರುಮನೆಯಲ್ಲೇ ಒಂದು ವರ್ಷದಿಂದ ಈ ನಾಟಕ ನಡೆಯುತ್ತಿದೆ. ಅದರಲ್ಲಿ ನನ್ನದೂ ಒಂದು ಪಾತ್ರವಿದೆ; ಅಷ್ಟೇನೂ ಒಳ್ಳೆಯ ಪಾತ್ರವಲ್ಲ. ನಡೆದದ್ದನ್ನೇ ಹೇಳಿಬಿಡುತ್ತೇನೆ.

ಎದುರುಮನೆಯ ಸೊಸೆ ಪುತ್ತೂರಿನ ಹುಡುಗಿ. ಮದುವೆಗೆ ಮುಂಚೆ ಏಳು ವರ್ಷ ಮಂಗಳೂರಿನಲ್ಲಿ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ದುಡಿದವಳು. ಗಂಡನಿಗೆ ಕಾಕ್ಕನಾಡಿನಲ್ಲಿ ಕೆಲಸ. ಮಾವನವರಿಗೆ ಪಾರ್ಶ್ವವಾಯು ಬಡಿದು ಮಲಗಿದಲ್ಲೇ ಎಲ್ಲ. ಅನ್ಯರ ಕೈ ಸೋಕಿದರೆ ಆ ಹಿರಿಯರು ಬಾಯಿಯನ್ನೇ ತೆರೆಯುವುದಿಲ್ಲ. ಗಂಜಿಯೂ ಈಕೆಯ ಕೈಯಿಂದಲೇ ಆಗಬೇಕು. ಹೊರಗೆ ನೌಕರಿಗೆ ಹೋಗುವ ಮಾತು ಹೀಗೆ ಮುಗಿದಿತ್ತು. ಹೋದ ವರ್ಷ ವಿಷುವಿನ ಹೊತ್ತಿಗೆ ಆಕೆ ಒಂದು ಉಪಾಯ ಹೂಡಿದಳು. ಸಣ್ಣ ಅಂಗಡಿಯವರು ತಮ್ಮ ಬಿಲ್ಲುಗಳ ಫೋಟೋ ತೆಗೆದು ಫೋನಿನಲ್ಲಿ ಕಳುಹಿಸುವುದು, ಈಕೆ ಮನೆಯಲ್ಲಿ ಕುಳಿತು ಲೆಕ್ಕ ಬರೆದು, ಜಿ.ಎಸ್.ಟಿ. ವಿವರಗಳನ್ನು ಸರ್ಕಾರಕ್ಕೆ ಸಲ್ಲಿಸುವುದು. 2017ರ ಜುಲೈ 1ರಿಂದ ಈ ತೆರಿಗೆ ಬಂದ ಮೇಲೆ ಚಿಕ್ಕ ವ್ಯಾಪಾರಿಗೂ ಇದೊಂದು ತಲೆನೋವು ತಾನೆ? ತಿಂಗಳಿಗೆ ಅಂಗಡಿಯೊಂದಕ್ಕೆ 1,500 ರೂಪಾಯಿ ಎಂದು ನಿಶ್ಚಯಿಸಿಕೊಂಡಳು.

ಗಂಡ ಒಂದು ಗಡುವು ಹಾಕಿದ. "ದೀಪಾವಳಿಯವರೆಗೆ ನೋಡು. ಆಗದಿದ್ದರೆ ಅಪ್ಪನಿಗೆ ಒಬ್ಬ ನರ್ಸಮ್ಮನನ್ನು ಇಡೋಣ, ನೀನು ಎಲ್ಲಾದರೂ ಕೆಲಸಕ್ಕೆ ಸೇರು. ಒಬ್ಬರ ಸಂಬಳದಲ್ಲಿ ಈ ಔಷಧಿಯ ಖರ್ಚು ತೂಗುವುದಿಲ್ಲ." ಮಾತು ಕಠಿಣವಾದರೂ ಸುಳ್ಳಲ್ಲ. ತವರಿನಿಂದ ಬಂದ 15,000 ರೂಪಾಯಿ ಆಕೆಯ ಬಂಡವಾಳ.

ಮೊದಲು ಗಂಡನ ಸಲಹೆಯಂತೆ ಒಂದು ಸಾವಿರ ಕರಪತ್ರ. ಅವನ್ನು ಹಂಚಿದ್ದು ಎಲ್ಲಿ? ವೈಟ್ಟಿಲ ಹಬ್ಬಿನಲ್ಲಿ! ಊರು ಬಲ್ಲವರಿಗೆ ನಗು ಬರದೆ ಇರದು. 2011ರಲ್ಲಿ ಆ ಬಸ್ ನಿಲ್ದಾಣ ತೆರೆಯಿತು. 2019ರಲ್ಲಿ ಪಕ್ಕಕ್ಕೇ ಮೆಟ್ರೊ ಬಂತು. 2023ರಿಂದ ಕಾಕ್ಕನಾಡಿಗೆ ವಾಟರ್ ಮೆಟ್ರೊ ದೋಣಿಯೂ ಅಲ್ಲಿಂದಲೇ ಹೊರಡುತ್ತದೆ. ಜನಸಂದಣಿಗೇನು ಕೊರತೆ? ಆದರೆ ಅಲ್ಲಿ ನಿಂತವರಲ್ಲಿ ಒಬ್ಬ ಕೋಟ್ಟಯಂಗೆ, ಇನ್ನೊಬ್ಬ ತೃಶ್ಶೂರಿಗೆ, ಮತ್ತೊಬ್ಬ ಅವಸರದಿಂದ ಕಚೇರಿಗೆ. ಈಕೆಯ ಕರಪತ್ರಗಳು ಆಲಪ್ಪುಳದವರೆಗೆ ಪ್ರವಾಸ ಮಾಡಿದುವು. ಉಳಿದವು ಇಡವಪ್ಪಾತಿ ಮಳೆಯಲ್ಲಿ ನೆನೆದುವು. ಒಂದು ಕರೆಯೂ ಬರಲಿಲ್ಲ.

ಅನಂತರ ಫೋನಿನ ಒಂದು ಪ್ರಸಿದ್ಧ ತಾಣದಲ್ಲಿ ಹತ್ತು ದಿನ ಜಾಹೀರಾತು, 6,000 ರೂಪಾಯಿ. ಕರೆಗಳು ಬಂದುವು, ನಲವತ್ತಕ್ಕೂ ಮೇಲೆ. ಮುಕ್ಕಾಲು ಪಾಲು ಜನ ಕೇಳಿದ್ದು "ಅಲ್ಲಿ ನಮಗೆ ಕೆಲಸ ಸಿಕ್ಕೀತೆ?" ಎಂದು. ಇಬ್ಬರು ದರ ಕೇಳಿ ಮರೆಯಾದರು. ಆ ರಾತ್ರಿ ಆಕೆ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕ, ನಾಲ್ಕು ತಿಂಗಳ ಒಬ್ಬ ಗಿರಾಕಿಯ ಹಣ ಹತ್ತು ದಿನದಲ್ಲಿ ಹೋಯಿತು" ಎಂದಳು. ಅಳಲಿಲ್ಲ. ಲೆಕ್ಕದವಳಲ್ಲವೆ, ಲೆಕ್ಕವನ್ನೇ ಹೇಳಿದಳು.

ಆ ಲೆಕ್ಕದಲ್ಲೇ ಆಕೆಗೆ ಬೆಳಕು ಕಂಡಿತೆಂದು ನನ್ನ ಎಣಿಕೆ. ಒಬ್ಬ ಗಿರಾಕಿಯಿಂದ ತಿಂಗಳಿಗೆ 1,500 ಬರುವುದಾದರೆ, ಅವನನ್ನು ಕರೆತರಲು ಒಂದು ತಿಂಗಳ ಹಣಕ್ಕಿಂತ ಹೆಚ್ಚು ಕಳೆಯಬಾರದು ಎಂದು ತಾನೇ ಒಂದು ಗೆರೆ ಎಳೆದುಕೊಂಡಳು. ತಿಂಗಳು ತಿಂಗಳೂ ಬರುವ ಕೆಲಸಕ್ಕೆ ಈ ಗೆರೆ ಸರಿ. ಒಂದೇ ಸಲ ಮಾಡಿಕೊಡುವ ಕೆಲಸವಾದರೆ, ಉದಾಹರಣೆಗೆ ಮದುವೆಯ ಆಮಂತ್ರಣ ಬರೆದುಕೊಡುವುದು, ಗೆರೆ ಇನ್ನೂ ಬಹಳ ಕೆಳಗಿರಬೇಕು. ನನಗೆ ಬರೆದ ಸೋದರಿಯರು ಮೊದಲು ಈ ಗೆರೆಯನ್ನು ಎಳೆದುಕೊಳ್ಳಲಿ.

ಮೊದಲನೆಯ ಗಿರಾಕಿ ಬಂದದ್ದು ಎಲ್ಲಿಂದ ಬಲ್ಲಿರಾ? ಆ ಕರಪತ್ರವನ್ನು ಓದಿದ ಒಬ್ಬನೇ ಒಬ್ಬ ಮನುಷ್ಯ ಅದನ್ನು ಅಚ್ಚು ಮಾಡಿದ ಮುದ್ರಣಾಲಯದ ಚೇಟ್ಟನ್. ಬರೆದದ್ದು ಇಂಗ್ಲಿಷಿನಲ್ಲಿ, ದೊಡ್ಡ ದೊಡ್ಡ ಮಾತುಗಳಲ್ಲಿ. ಬಾಕಿ ಹಣ ಕೊಡಲು ಹೋದಾಗ ಆತ ಕೇಳಿದನಂತೆ: "ಇಷ್ಟೆಲ್ಲ ಬರೆದಿದ್ದೀರಿ, ನನ್ನ ಜಿ.ಎಸ್.ಟಿ. ಹಾಕಿಕೊಡುತ್ತೀರೋ ಇಲ್ಲವೋ, ಅದೊಂದು ಹೇಳಿ." ಹಾಕಿಕೊಟ್ಟಳು. ಎರಡು ತಿಂಗಳ ತಪ್ಪನ್ನೂ ಹುಡುಕಿ ತೋರಿಸಿದಳು. ಆತನೇ ಆಮೇಲೆ ಆಕೆಯ ಮಾತುಗಳನ್ನು ಮಲಯಾಳದಲ್ಲಿ ತಿದ್ದಿಕೊಟ್ಟ, ನಾಲ್ಕೇ ಸಾಲು: ಏನು ಕೆಲಸ, ಎಷ್ಟು ಹಣ, ಯಾವ ತಾರೀಖಿನೊಳಗೆ, ಯಾವ ಫೋನು. ಊರಿನವರ ಭಾಷೆಯಲ್ಲಿ ಬರೆಯದೆ ಊರಿನಲ್ಲಿ ವ್ಯಾಪಾರವೆಂದರೆ ಹೇಗೆ? ಹೆಸರಿನ ಕೆಳಗೆ ಭಾರವಾದ ಬಿರುದು ಹಾಕಿಕೊಳ್ಳಲಿಲ್ಲ, ಒಳ್ಳೆಯದೇ ಆಯಿತು. ಚಾರ್ಟರ್ಡ್ ಅಕೌಂಟೆಂಟ್ ಎಂಬ ಪದ ಆ ಸಂಸ್ಥೆಯ ಸದಸ್ಯರಿಗೆ ಮಾತ್ರ ಮೀಸಲು. ಲೆಕ್ಕ ಬರೆಯುವವರು "ಲೆಕ್ಕ ಬರೆಯುತ್ತೇವೆ" ಎಂದರೆ ಸಾಕು.

ಆಮೇಲೆ ಮಾಡಿದ್ದೆಲ್ಲ ಬಿಟ್ಟಿ ಕೆಲಸ, ಎಂದರೆ ಹಣ ಬೇಡದ ಕೆಲಸ. ಗೂಗಲ್ ನಕ್ಷೆಯಲ್ಲಿ ಉದ್ಯೋಗದ ಹೆಸರು ಸೇರಿಸಿದಳು. ಇದರಲ್ಲೊಂದು ಸೂಕ್ಷ್ಮವಿದೆ. ಗಿರಾಕಿಯನ್ನು ಎಂದೂ ಮುಖತಃ ಕಾಣದೆ ಪೂರ್ತಿ ಅಂತರ್ಜಾಲದಲ್ಲೇ ನಡೆಯುವ ಉದ್ಯೋಗಕ್ಕೆ ಅಲ್ಲಿ ಸ್ಥಳವಿಲ್ಲ. ಈಕೆ ಶನಿವಾರ ಗಂಡ ಮನೆಯಲ್ಲಿರುವಾಗ ಅಂಗಡಿಗಳಿಗೆ ಹೋಗಿ ಕಾಗದ ಪತ್ರ ನೋಡಿ ಬರುವುದರಿಂದ ಸರಿಹೋಯಿತು. ಮನೆಯ ವಿಳಾಸವನ್ನು ಮರೆಮಾಡಿ, ಕೆಲಸ ಮಾಡುವ ಸ್ಥಳಗಳೆಂದು ವೈಟ್ಟಿಲ, ಕಡವಂತ್ರ, ಮರಡು, ತೃಪ್ಪೂಣಿತ್ತುರ ಎಂದು ಮಾತ್ರ ಹಾಕಬಹುದು. ಹೆಂಗಸರು ಒಂಟಿಯಾಗಿರುವ ಮನೆಗೆ ಇದು ಕ್ಷೇಮ. ಹಣ ಅಥವಾ ರಿಯಾಯಿತಿ ಕೊಟ್ಟು ಹೊಗಳಿಕೆ ಬರೆಸುವುದನ್ನು ಅವರು ನಿಷೇಧಿಸಿದ್ದಾರೆ. ಕೆಲಸವಾದವರನ್ನು ಬಾಯಿಬಿಟ್ಟು ಕೇಳಿದರೆ ತಪ್ಪೇನಿಲ್ಲ. ಮುದ್ರಣಾಲಯದವನು ಬರೆದ ಎರಡು ಸಾಲನ್ನು ಓದಿಯೇ ಒಬ್ಬ ಬೇಕರಿಯವನು ಬಂದ.

ವಾಟ್ಸ್ಯಾಪಿನ ವ್ಯಾಪಾರಿ ಆವೃತ್ತಿ 2018ರಿಂದ ಇದೆ, ಅದಕ್ಕೂ ಶುಲ್ಕವಿಲ್ಲ. ಆಕೆ ಮೊದಲು ಇನ್ನೂರು ಜನರಿಗೆ ಒಟ್ಟಿಗೆ ಸಂದೇಶ ಕಳುಹಿಸಿ ಉತ್ತರಕ್ಕಾಗಿ ಕಾದಳು. ಹಾಗೆ ಪಟ್ಟಿ ಮಾಡಿ ಕಳುಹಿಸಿದ ಸಂದೇಶ, ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡವರಿಗೆ ಮಾತ್ರ ತಲುಪುತ್ತದೆ ಎಂಬುದು ತಡವಾಗಿ ತಿಳಿಯಿತು. ಪರಿಚಯ ಮೊದಲು, ಸಂದೇಶ ಆಮೇಲೆ. ಇನ್ನು ಸಣ್ಣ ಉದ್ಯೋಗಗಳಿಗೆ ಸರ್ಕಾರದ ಉದ್ಯಮ್ ನೋಂದಣಿ. 2020ರಿಂದ ಇರುವ ಇದು ಸರ್ಕಾರದ ತಾಣದಲ್ಲಿ ಪೂರ್ತಿ ಉಚಿತ. ಇದಕ್ಕೆ ಹಣ ಕೇಳುವವರು ಯಾರಾದರೂ ಬಂದರೆ ಬಾಗಿಲು ಹಾಕಿಕೊಳ್ಳಿ.

ಇದನ್ನೆಲ್ಲ ನೋಡುವಾಗ ನನಗೆ ನನ್ನ ತಂದೆಯವರ ಅಂಗಡಿ ನೆನಪಾಗುತ್ತದೆ. ದಿನಾ ಸಂಜೆ ಪಿಗ್ಮಿಯವರು ಚೀಲ ನೇತುಹಾಕಿಕೊಂಡು ಬರುತ್ತಿದ್ದರು. 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಹುಟ್ಟಿದ ಬ್ಯಾಂಕು ಅದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಕೂಡಿಹೋಯಿತು. 1928ರಲ್ಲಿ ಅವರು ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳತೊಡಗಿದರು. ಹೇಳಿದ ಹೊತ್ತಿಗೆ ಬರುತ್ತಿದ್ದ ಆ ಮನುಷ್ಯನೇ ಜಾಹೀರಾತು. ಪುತ್ತೂರಿನ ಹುಡುಗಿಗೆ ಇದನ್ನು ಹೇಳಿದೆ. "ನಮ್ಮ ಅಜ್ಜಿಯೂ ಕಟ್ಟುತ್ತಿದ್ದರು ಅಕ್ಕ" ಎಂದು ನಕ್ಕಳು. ಆ ದಿನದಿಂದ ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಪ್ರತಿಯೊಬ್ಬ ಗಿರಾಕಿಗೂ "ಹೋದ ವಾರದ ಬಿಲ್ಲು ಕಳುಹಿಸಿ" ಎಂದು ಬೇರೆ ಬೇರೆಯಾಗಿ, ಹೆಸರು ಹಿಡಿದು ಬರೆಯುತ್ತಾಳೆ.

ಈಗ ನನ್ನ ಪಾತ್ರ. ಜುಲೈ ತಿಂಗಳಲ್ಲಿ ನಮ್ಮ ಯಜಮಾನರ ಪಿಂಚಣಿಯ ಆದಾಯ ತೆರಿಗೆ ಕಾಗದಗಳನ್ನು ಆಕೆಯ ಕೈಗೆ ಕೊಟ್ಟೆ. ಮಾವನವರನ್ನು ಮಲಗಿಸಿ, ರಾತ್ರಿ ಹನ್ನೊಂದರವರೆಗೆ ಕುಳಿತು ಮುಗಿಸಿಕೊಟ್ಟಳು. ನಾನು ಕುಂಕುಮವಿಟ್ಟು, ಒಂದು ರವಿಕೆ ಕಣವನ್ನೂ ನಾಲ್ಕು ಮೈಸೂರುಪಾಕನ್ನೂ ಕೊಟ್ಟು, ಔದಾರ್ಯ ತೋರಿದೆನೆಂದು ತಿಳಿದು ಬಂದೆ. ಸೆಪ್ಟೆಂಬರಿನಲ್ಲಿ ಒಂದು ದಿನ ಆಕೆಯ ಮೇಜಿನ ಮೇಲೆ ಲೆಕ್ಕದ ಪುಸ್ತಕ ತೆರೆದಿತ್ತು. ಒಂದು ಪುಟದ ತಲೆಯಲ್ಲಿ "ಸಂಘದವರು" ಎಂದು ಬರೆದಿತ್ತು. ಕೆಳಗೆ ಹನ್ನೊಂದು ಹೆಸರು. ಬಂದ ಹಣದ ಕಾಲಂ ಉದ್ದಕ್ಕೂ ಸೊನ್ನೆ. ನನ್ನ ಹೆಸರು ಮೂರನೆಯದು.

ಮಲಯಾಳಿ ಅಂಗಡಿಯವರು ನಾಲ್ವರು ತಿಂಗಳು ತಿಂಗಳೂ ಹಣ ಕೊಡುತ್ತಿದ್ದರು. ಕನ್ನಡದವರು ಹನ್ನೊಂದು ಮಂದಿ "ನಮ್ಮವಳೇ ಅಲ್ಲವೆ" ಎಂದು ಹೇಳಿ ಹೋಗಿದ್ದೆವು. ದೀಪಾವಳಿಗೆ ಏಳು ವಾರ. ನನಗೆ ಆ ದಿನ ಊಟ ಸೇರಲಿಲ್ಲ. "ಅಲ್ಲಮ್ಮಾ, ಕೇಳಬಾರದಿತ್ತೆ?" ಎಂದರೆ, "ಪರವೂರಿನಲ್ಲಿ ಇರುವ ನಾಲ್ಕು ಮನೆಯವರನ್ನು ಹೇಗೆ ಕೇಳುವುದಕ್ಕ?" ಎಂದಳು. ಕೊನೆಗೆ ಇಬ್ಬರೂ ಕೂತು ಒಂದು ದರಪಟ್ಟಿ ಬರೆದೆವು. ಸಂಘದವರಿಗೂ ಅದೇ ದರ, ಊರವರಿಗೂ ಅದೇ. ಮೊದಲ ಹಣ ನಾನೇ ಕೊಟ್ಟೆ, ಫೋನಿನಿಂದ, ಆಕೆಯ ಎದುರಿಗೇ. ಇಲ್ಲದಿದ್ದರೆ ಮತ್ತೆ ಮೈಸೂರುಪಾಕಿನಲ್ಲಿ ಮುಗಿದೀತು.

ಹನ್ನೊಂದರಲ್ಲಿ ಆರು ಮಂದಿ ಮರುಮಾತಿಲ್ಲದೆ ಕೊಟ್ಟರು. ಅವರಲ್ಲಿ ಹೋಟೆಲು ನಡೆಸುವವರೊಬ್ಬರು ತಮ್ಮ ತಿಂಗಳ ಲೆಕ್ಕವನ್ನೂ ಒಪ್ಪಿಸಿ, ಭಾವಮೈದುನನ ಅಂಗಡಿಯನ್ನೂ ಸೇರಿಸಿದರು. ನಾಲ್ವರು ಸುಮ್ಮನಾದರು. ಒಬ್ಬ ಮಹನೀಯರು ಈ ಯುಗಾದಿಯ ಕೂಟದಲ್ಲಿ ನಮ್ಮಿಬ್ಬರನ್ನೂ ಕಂಡು ಮುಖ ತಿರುಗಿಸಿದರು. ಒಬ್ಬಟ್ಟಿನ ಪಂಕ್ತಿಯಲ್ಲಿ ನಮ್ಮ ಎದುರಿಗೇ ಕೂರಬೇಕಾಗಿ ಬಂದದ್ದು ಅವರ ದುರದೃಷ್ಟ.

ದೀಪಾವಳಿಯ ಹೊತ್ತಿಗೆ ಏಳು ಅಂಗಡಿಗಳಾಗಿದ್ದುವು, ಈಗ ಒಂಬತ್ತು. ನರ್ಸಮ್ಮನ ಮಾತು ಮತ್ತೆ ಬರಲಿಲ್ಲ. ಬಂಡವಾಳದಲ್ಲಿ ಉಳಿದ ಹಣವನ್ನು ಆಕೆ ಇನ್ನೂ ಮುಟ್ಟಿಲ್ಲ. ಬರೆದ ಸೋದರಿಯರಲ್ಲಿ ಯಾರಿಗಾದರೂ ಆಕೆಯೊಡನೆ ಮಾತಾಡಬೇಕೆನಿಸಿದರೆ ನನಗೆ ತಿಳಿಸಿ, ಕೇಳಿ ಹೇಳುತ್ತೇನೆ. ಆದರೆ ತಿಂಗಳ 20ನೆಯ ತಾರೀಖು ಲೆಕ್ಕ ಸಲ್ಲಿಸುವ ಕೊನೆಯ ದಿನ. ಅದು ಕಳೆಯುವವರೆಗೆ ನಾನೂ ಎದುರುಮನೆಯ ಗಂಟೆ ಒತ್ತುವುದಿಲ್ಲ.