ಹೊಗಳಿದರೆ ಮಕ್ಕಳು ಹಾಳಾಗುವುದಿಲ್ಲ

ಉಪ್ಪಳದ ನಮ್ಮ ಅಂಗಡಿಗೆ ಬರುವ ಹಿರಿಯರಿಗೆಲ್ಲ ನನ್ನ ಮಗನ ಬಗ್ಗೆ ಒಂದೇ ಸಲಹೆ: ‘ಎರಡು ಕೊಡು, ಸರಿಯಾಗ್ತಾನೆ.’ 8 ವರ್ಷದ ಅವನಿಗೆ ಎಡಿಎಚ್‌ಡಿ ಇದೆ. ಅದು ಪೋಕರಿತನ ಅಲ್ಲ, ಸಾಕಿದ್ದರ ದೋಷವೂ ಅಲ್ಲ. ಮೆದುಳು ಬೆಳೆಯುವ ರೀತಿಯಲ್ಲಿನ ವ್ಯತ್ಯಾಸ, ಹೆಚ್ಚಾಗಿ ವಂಶದಲ್ಲೇ ಬರುತ್ತದೆ. ಡಿಪ್ಲೊಮಾದ ಎರಡು ಪೇಪರನ್ನು ಮೂರು ಸಲ ಬರೆದ ನನ್ನಿಂದಲೇ ಬಂದಿರಬೇಕು.

ಒಂದು ದಿನ ಅವನು ತಿಂದ ಬೈಗುಳ ಎಣಿಸಿದೆ. ಮನೆಯಲ್ಲೇ 19, ಅದರಲ್ಲಿ 7 ನನ್ನದು. ಮದ್ರಸ, ಶಾಲೆಯದ್ದು ಬೇರೆ. ಹೊಗಳಿಕೆ ಒಂದೂ ಇಲ್ಲ.

ಇಂಥ ಮಕ್ಕಳಿಗೆ ವರ್ಷದ ಕೊನೆಗೆ ಸೈಕಲ್ ಎಂದು ಆಸೆ ತೋರಿಸಿ ಫಲವಿಲ್ಲ. ತಡವಾದಷ್ಟೂ ಬಹುಮಾನದ ಬಲ ಹೋಗುತ್ತದೆ. ಕೆಲಸ ಆದ ಕೂಡಲೇ, ಏನು ಮಾಡಿದ್ದೆಂದು ಹೆಸರಿಸಿ ಹೇಳಬೇಕು. ‘ಒಳ್ಳೆ ಹುಡುಗ’ ಸಾಲದು. ‘ಚಪ್ಪಲಿ ಜಾಗದಲ್ಲೇ ಇಟ್ಟೆಯಲ್ಲ ಮೋನೆ’ ಅನ್ನಿ. ದಿನಾ ಅನ್ನಿ. ಔಷಧ ಬೇಕೋ ಬೇಡವೋ ಡಾಕ್ಟರು ಹೇಳಲಿ, ಹೊಗಳಿಕೆ ಅದಕ್ಕೆ ಬದಲಿ ಅಲ್ಲ.

ಹೊಗಳಿದರೆ ಕಣ್ಣು ತಾಗುತ್ತದೆ ಎನ್ನುವ ಉಮ್ಮಂದಿರೇ, ‘ಮಾಶಾ ಅಲ್ಲಾಹ್’ ಸೇರಿಸಿಯೇ ಹೊಗಳಿ. ಗಿರಾಕಿಯನ್ನು ಹೊಗಳುವುದು ನಮಗೆ ಯಾರೂ ಕಲಿಸಬೇಕಾಗಿಲ್ಲವಲ್ಲ!

ನಿನ್ನೆ ಅವನು ಗಲ್ಲಾದಲ್ಲಿ ಕೂತು ಚಿಲ್ಲರೆ ಸರಿಯಾಗಿ ಎಣಿಸಿ ಕೊಟ್ಟ. ನನ್ನ ಉಪ್ಪ ಪಕ್ಕದಲ್ಲೇ ಇದ್ದರು, ನೋಡಿದರು, ಸುಮ್ಮನಾದರು. ಉಪ್ಪ, ಒಂದು ಮಾತು ಹೇಳಬಹುದಿತ್ತು.