ಗುಳ್ಳೆಗೆ ಯಾವ ಭಾಷೆ?

ವಿಜ್ಞಾನಕ್ಕೆ ಇಂಗ್ಲಿಷೇ ಬೇಕೆನ್ನುವವರಿಗೆ ಇಗೋ ಸವಾಲು! ಬೂಮರ್, ಬಿಗ್ ಬಬೂಲ್ ತನ್ನಿ. ಐದೈದು ತೂಗಿ, ಹತ್ತು ನಿಮಿಷ ಅಗಿದು, ಒಣಗಿಸಿ ಮತ್ತೆ ತೂಗಿ. ಇಳಿದ ತೂಕ ಬಹುಪಾಲು ಎಂಜಲಲ್ಲಿ ಕರಗಿದ ಸಕ್ಕರೆ. ಉಳಿದದ್ದು ಕರಗದ ಅಂಟು. ಗುಳ್ಳೆ ಊದಿ, ವ್ಯಾಸ ಅಳೆದು, ಸರಾಸರಿ ತೆಗೆಯಿರಿ. ಯಾವುದು ಮೇಲೆಂದು ಜಾಹೀರಾತಲ್ಲ, ಅಳತೆ ಹೇಳಲಿ. ತೂಕ, ವ್ಯಾಸ, ಸರಾಸರಿ: ಯಾವ ಮಾತಿಗೆ ಕನ್ನಡದಲ್ಲಿ ಬರ?

ಪ್ರಯೋಗ ಪಂಡಿತರ ಸೊತ್ತೂ ಅಲ್ಲ. 1928ರಲ್ಲಿ ಫಿಲಡೆಲ್ಫಿಯಾದಲ್ಲಿ ಗುಳ್ಳೆ ಊದುವ ಗಮ್ಮನ್ನು ಗೆಲ್ಲಿಸಿದ ವಾಲ್ಟರ್ ಡೀಮರ್ ಒಬ್ಬ ಲೆಕ್ಕಿಗ!

ಒಂಟಿಕೊಪ್ಪಲಿನ 'ಉದಯರವಿ'ಯಲ್ಲಿ ಬಾಳಿದ ಕುವೆಂಪು, ಮೈಸೂರು ವಿ.ವಿ. ಉಪಕುಲಪತಿಯಾಗಿ (1956–60) ಕಾಲೇಜು ತರಗತಿಗೂ ಕನ್ನಡ ತಂದರು. ಅದೇ ಒಂಟಿಕೊಪ್ಪಲಿನ ಮಕ್ಕಳು ಗುಳ್ಳೆ ಅಳೆಯಲೂ ಇಂಗ್ಲಿಷಿಗೆ ಕೈಯೊಡ್ಡಬೇಕೇ? ತಮ್ಮ-ತಂಗಿಯರ ಶಾಲೆಗೆ ಹೋಗಿ, ಮೇಷ್ಟ್ರನ್ನು ಕೇಳಿ!